ಬಾನೆಟ್ಟಿನ ಜ್ವರ

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ರಸ್ತೆಯ ಬದಿಗೆ ನಿಂತ ಕಾರು ಕಂಡರೆ ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. ಅದರ ಬಾನೆಟ್ಟಿನ ಮೇಲೆ ಅಂಗೈಯನ್ನು ಒಂದು ಗಳಿಗೆ ಊರಿ ನೋಡಿಯೇ ಮುಂದಕ್ಕೆ ಹೆಜ್ಜೆ ಇಡಬೇಕು. ತಣ್ಣಗಿದ್ದರೆ ‘ಇನ್ನೂ ಎದ್ದಿಲ್ಲ’ ಎಂದುಕೊಳ್ಳುತ್ತೇನೆ, ಬಿಸಿಯಾಗಿದ್ದರೆ ‘ಈಗಷ್ಟೇ ಬಂದಿದೆ’ ಎಂದುಕೊಳ್ಳುತ್ತೇನೆ. ಇದರಿಂದ ಯಾರಿಗೂ ಕವಡೆಯಷ್ಟೂ ಉಪಯೋಗವಿಲ್ಲ. ಮೊನ್ನೆ ಖಾನಾಪುರದಲ್ಲಿ ಒಂದು ಮದುವೆಗೆ ಹೋದಾಗ ಮಂಗಲ ಕಾರ್ಯಾಲಯದ ಹೊರಗೆ ಸಾಲಾಗಿ ನಿಂತಿದ್ದ ಐದಾರು ಕಾರುಗಳನ್ನು ಹೀಗೆಯೇ ಮುಟ್ಟುತ್ತ ಬರುತ್ತಿದ್ದೆ. ಕೊನೆಯ ಕಾರಿನಲ್ಲಿ ಕಾಲು ಚಾಚಿ ಮಲಗಿದ್ದ ಡ್ರೈವರ್ ಧಡಕ್ಕನೆ ಎದ್ದು, “ಏನ್ರೀ ಯಜಮಾನ್ರ, ಅದರ ಮ್ಯಾಲ ರೊಟ್ಟಿ ಬಡೀತೀರೇನ?” ಎಂದು ಕೇಳಿದ. ನನ್ನ ಹೆಂಡತಿ ಗಿರಿಜಾ ನನ್ನ ಅಂಗಿಯ ತೋಳು ಹಿಡಿದು ಊಟದ ಪಂಕ್ತಿಗೆ ಎಳೆದುಕೊಂಡು ಹೋದಳು. ಅವಳಿಗೆ ಈ ಚಾಳಿಯ ಮೂಲ ಗೊತ್ತು. ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೇ ಹೇಳಬೇಕಾಗಿದೆ.

ಹೇಳಬೇಕೆಂದರೆ ಶಬ್ದದಿಂದಲೇ ಶುರುಮಾಡಬೇಕು.

ಬೆಳಗಾವಿಯ ಅನಗೋಳದ ನಮ್ಮ ಓಣಿಯಲ್ಲಿ ಹದಿನಾಲ್ಕು ವರ್ಷ ನಮ್ಮ ಜೊತೆ ಬಾಳಿದ ಒಂದು ಬಿಳಿ ಕಾರು ಇತ್ತು. ಮೊದಲ ಹತ್ತು ವರ್ಷ ಅದು ಎದುರು ಮಾತಾಡಿದ್ದೇ ಇಲ್ಲ. ಆಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಚಾವಿ ತಿರುವಿದಾಗ ಮುಂದಿನಿಂದ ‘ಚಟ್ ಚಟ್ ಚಟ್ ಚಟ್’ ಎಂದು, ಯಾರೋ ಅವಸರದಲ್ಲಿ ಒಣ ಕಡ್ಡಿ ಮುರಿದಂತೆ, ಸದ್ದು ಬಂತು. ನಾನು ಹೌಹಾರಿ ಇಳಿದೆ. ಬಾನೆಟ್ ತೆಗೆದು ನೋಡಿದೆ. ನಾನೊಬ್ಬ ಹೈಸ್ಕೂಲಿನ ಚಿತ್ರಕಲಾ ಮಾಸ್ತರ. ಬಾನೆಟ್ಟಿನ ಒಳಗೆ ನೋಡಿ ನನಗೆ ತಿಳಿಯುವುದು ಬಣ್ಣಗಳು ಮಾತ್ರ. ಕಪ್ಪು, ಬೂದು, ಅಲ್ಲಲ್ಲಿ ತುಕ್ಕು. ಮತ್ತೆ ಮುಚ್ಚಿ ಹೊರಟೆ. ಓಣಿಯ ಎರಡನೇ ತಿರುವು ದಾಟುವಷ್ಟರಲ್ಲಿ ಸದ್ದು ತಾನಾಗಿಯೇ ನಿಂತಿತು. ದಿನವೆಲ್ಲ ಮತ್ತೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಮತ್ತೆ ಅದೇ ಚಟಚಟ.

ಅಲ್ಲಿಂದ ಓಣಿಗೆ ಓಣಿಯೇ ವೈದ್ಯವೃತ್ತಿಗೆ ಇಳಿಯಿತು. ಪವರ್‌ಲೂಮಿನಲ್ಲಿ ಮೂವತ್ತು ವರ್ಷ ದುಡಿದ ಎದುರು ಮನೆಯವರು, “ಲಾಳಿ ಸಿಕ್ಕೊಂಡಾಗ ಹಿಂಗ ಕೇಳತೈತ್ರಿ” ಎಂದರು. ಕಾರಿನಲ್ಲಿ ಲಾಳಿ ಎಲ್ಲಿಂದ ಬರಬೇಕು ಎಂದರೆ, “ಲಾಳಿಯಂಥಾದ್ದು ಏನರ ಇದ್ದ ಇರತೈತಿ” ಎಂದು ವಾದಿಸಿದರು. ನಿವೃತ್ತ ಕಂಪೌಂಡರ್ ಒಬ್ಬರು ಒಂದು ನಿಮಿಷ ಕಿವಿಗೊಟ್ಟು ಕೇಳಿ, ಇದು ವಾಯುವೇ ಎಂದು ತೀರ್ಪು ಕೊಟ್ಟು ಬೇರೆ ಪೆಟ್ರೋಲ್ ಹಾಕಿಸಲು ಹೇಳಿದರು. ಪಕ್ಕದ ಮನೆಯ, ಮರಾಠಿ ಬೆರೆಸಿ ಮಾತಾಡುವ ಸುಮನ್ ಕಾಕೂ ಮಾತ್ರ ರೋಗದ ಗೋಜಿಗೆ ಹೋಗಲಿಲ್ಲ. ಅವರು ಆ ಶಬ್ದಕ್ಕೆ ತುಳಸಿಗೆ ನೀರು ಹಾಕುವ ರೂಢಿ ಮಾಡಿಕೊಂಡರು. “ನಿಮ್ಮ ಗಾಡಿ ಚಟಚಟ ಅಂದ್ರ ಏಳೂವರಿ ಆತು ಅಂತ ತಿಳೀತೈತಿ ಬಘಾ, ಗಡಿಯಾರ ನೋಡೂ ಕಾಮ ಇಲ್ಲ” ಎಂದು ಗೋಡೆಯ ಆಚೆಯಿಂದ ಹೊಗಳುತ್ತಿದ್ದರು.

ನಮ್ಮ ಕಾರಿನ ಖಾಸಾ ವೈದ್ಯನೆಂದರೆ ಖಾನಾಪುರದ ಪುಂಡಲೀಕ ಮಿಸ್ತ್ರಿ. ಗಿರಿಜಾಳ ತವರು ಖಾನಾಪುರ. ಹದಿನೈದು ದಿನಕ್ಕೊಮ್ಮೆ ಭಾನುವಾರ ಅಲ್ಲಿಗೆ ಹೋಗುವುದಿತ್ತು. ಹೋದಾಗಲೆಲ್ಲ ಊರ ಹೊರಗಿನ ಅವನ ಗ್ಯಾರೇಜಿಗೆ ಹೋಗಿ ನಿಲ್ಲಿಸುತ್ತಿದ್ದೆ. ಅನಗೋಳದಿಂದ ಖಾನಾಪುರ ಮುಟ್ಟುವಷ್ಟರಲ್ಲಿ ಇಂಜಿನ್ನು ಕಾದು ಹದವಾಗಿರುತ್ತಿತ್ತು. ಪುಂಡಲೀಕ ಚಾಲೂ ಮಾಡುತ್ತಿದ್ದ, ಬಂದ್ ಮಾಡುತ್ತಿದ್ದ, ಮತ್ತೆ ಚಾಲೂ ಮಾಡುತ್ತಿದ್ದ. ಕಾರು ಬಾಯಿಗೆ ಬೀಗ ಜಡಿದುಕೊಂಡು ಕುಳಿತಿರುತ್ತಿತ್ತು.

“ನಿಮ್ಮ ಗಾಡಿ ನನ್ನ ಮುಂದ ಬಾಯಿ ಬಿಡೂದಿಲ್ರಿ ಸರ್. ಶಬ್ದಾ ಹ್ಯಾಂಗ ಬರತೈತಿ, ನೀವ ಬಾಯಿಲೇ ಮಾಡಿ ತೋರಸ್ರಿ” ಎಂದ.

ಮೂವತ್ತು ವರ್ಷ ಮಕ್ಕಳಿಗೆ ಕತ್ತೆ, ಕುದುರೆ, ತೆಂಗಿನ ಮರ ಎಲ್ಲವನ್ನೂ ಬಿಡಿಸಿ ತೋರಿಸಿದವನು ನಾನು. ಆದರೆ ಬಾಯಿಂದ ಒಂದು ಶಬ್ದ ಮಾಡಿ ತೋರಿಸು ಎಂದಾಗ ನಾಲಿಗೆ ಏಳಲಿಲ್ಲ. ‘ಟಪ್ ಟಪ್’ ಎಂದೆ. ಅದು ಮಳೆ ಹನಿ ಬಿದ್ದಂತೆ ಕೇಳಿಸಿತು. ‘ಠಣ್ ಠಣ್’ ಎಂದೆ. ಪುಂಡಲೀಕ, “ಅದು ಶಾಲೀ ಗಂಟಿ ಆತ್ರಿ” ಎಂದ. ಕೊನೆಗೆ ನನಗೆ ಬರುವ ವಿದ್ಯೆಯನ್ನೇ ನೆಚ್ಚಿಕೊಂಡು, ಅವನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು, ಆ ಶಬ್ದದ ಚಿತ್ರ ಬರೆದುಕೊಟ್ಟೆ. ಮೊದಲು ಮೊನಚಾದ ಗೆರೆಗಳು ಒತ್ತೊತ್ತಾಗಿ, ಆಮೇಲೆ ಬಿಡಿಬಿಡಿಯಾಗಿ, ಕಡೆಗೆ ಒಂದು ನೇರ ಗೆರೆ. ಪುಂಡಲೀಕ ಅದನ್ನು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿ, “ಭಾಳ ಛಲೋ ಬಂದೈತ್ರಿ” ಎಂದು ಕ್ಯಾಲೆಂಡರಿನ ಪಕ್ಕದ ಮೊಳೆಗೆ ಸಿಕ್ಕಿಸಿದ. ಎಷ್ಟೋ ದಿನಗಳ ನಂತರ ಹೋದಾಗ ನೋಡಿದೆ, ಅದು ಅಲ್ಲಿಯೇ ತಲೆಕೆಳಗಾಗಿ ತೂಗುತ್ತಿತ್ತು.

ಅವನದು ಒಂದೇ ಬೇಡಿಕೆ. “ಒಂದ ದಿವಸ ಗಾಡಿ ಇಲ್ಲೇ ಬಿಟ್ಟ ಹೋಗ್ರಿ. ಮುಂಜಾನಿ ತಣ್ಣಗಿದ್ದಾಗ ನಾ ಚಾಲೂ ಮಾಡಿ ಕೇಳತೇನಿ.” ಎಷ್ಟು ಸರಳ ಮಾತು, ನೋಡಿ. ನಾಲ್ಕು ವರ್ಷ ನಾನು ಅದೊಂದನ್ನು ಮಾಡಲಿಲ್ಲ. ಸೋಮವಾರ ಶಾಲೆ ಇದೆ, ಬಸ್ಸಿನಲ್ಲಿ ಗದ್ದಲ, ಗಿರಿಜಾಳಿಗೆ ಸೊಂಟ ನೋವು ಎಂದು ನೂರೆಂಟು ನೆವ ಹೇಳಿದೆ. ನಿಜ ಸಂಗತಿ ಬೇರೆ ಇತ್ತು. ಬೆಳಗಾವಿಯಲ್ಲಿ ಒಂದು ಗ್ಯಾರೇಜಿನವನು ಕಾರನ್ನು ನೋಡದೆಯೇ, ಕೈಯಲ್ಲಿದ್ದ ಚಹಾದ ಲೋಟವನ್ನೂ ಕೆಳಗಿಡದೆ, “ಇಂಜಿನ್ ಬಿಚ್ಚಬೇಕಾಗತೈತ್ರಿ” ಎಂದುಬಿಟ್ಟಿದ್ದ. ಆ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತ್ತು. ಪುಂಡಲೀಕನೂ ಕೇಳಿ ಅದನ್ನೇ ಹೇಳಿದರೆ? ಎದೆಯಲ್ಲಿ ಚುಳ್ ಎಂದರೂ ದವಾಖಾನೆಯ ದಾರಿ ಹಿಡಿಯದೆ ಓಮಕಾಳು ಜಗಿಯುವವರನ್ನು ನೀವು ನೋಡಿದ್ದೀರಿ. ನಾನು ಆ ಜಾತಿಯವನು.

ಇಲ್ಲಿ ನಮ್ಮಪ್ಪನನ್ನು ಕರೆದುಕೊಂಡು ಬರಬೇಕು. ಕಾರಿನ ಕತೆಯಲ್ಲಿ ಅವರಿಗೇನು ಕೆಲಸ ಎನ್ನಬೇಡಿ. ಅವರು ಜೀವಮಾನದಲ್ಲಿ ಕಾರು ಹತ್ತಿದ್ದು ಎರಡೋ ಮೂರೋ ಸಲ.

ನಂದಗಡದ ಬಾಜುವಿನ ಹಳ್ಳಿ ನಮ್ಮದು. ಎತ್ತುಗಳನ್ನು ಪರೀಕ್ಷೆ ಮಾಡುವುದರಲ್ಲಿ ಅಪ್ಪನದು ದೊಡ್ಡ ಹೆಸರು. ಯಾರಾದರೂ ಎತ್ತು ಕೊಳ್ಳುವುದಿದ್ದರೆ, ಹಣೆಗೆ ವಿಭೂತಿ ಹಚ್ಚಿ ಕೂತ ಅಪ್ಪನನ್ನು ನಸುಕಿನಲ್ಲೇ ಬಂದು ಕರೆದುಕೊಂಡು ಹೋಗುತ್ತಿದ್ದರು. “ಸಂತ್ಯಾಗ ನಿಂತ ಎತ್ತು ಅಂದ್ರ ಬೀಗರ ಮನ್ಯಾಗ ಕುಂತ ಅಳಿಯಾ ಇದ್ದಂಗ. ಅಲ್ಲಿ ಎಲ್ಲಾರೂ ಶಾಣ್ಯಾರ. ಅದನ್ನ ಮುಂಜಾನಿ ಕೊಟ್ಟಿಗ್ಯಾಗ ಗ್ವಾದಲಿ ಮುಂದ ನೋಡಬೇಕು, ಏಳೂವಾಗ ನೋಡಬೇಕು” ಎನ್ನುತ್ತಿದ್ದರು. ಮೊದಲು ಯಾವ ಕಾಲು ಊರುತ್ತದೆ, ಎದ್ದ ಕೂಡಲೇ ಮೈ ಮುರಿಯುತ್ತದೋ ಇಲ್ಲವೋ, ಉಸಿರಿನಲ್ಲಿ ಗೊರಗೊರ ಇದೆಯೋ ಎಂದು ಕಣ್ಣು ಮುಚ್ಚಿ ಕೇಳುತ್ತ ನಿಲ್ಲುತ್ತಿದ್ದರು.

ನಮ್ಮ ಮನೆಯಲ್ಲಿ ಚಂದ್ರ್ಯಾ ಎಂಬ ಎತ್ತು ಇತ್ತು. ಹಣೆಯಲ್ಲಿ ಬಿಳಿ ಚುಕ್ಕೆ, ಸಾಧು ಪ್ರಾಣಿ. ಅದಕ್ಕೊಂದೇ ಐಬು. ಚಳಿಯಲ್ಲಿ ಬೆಳಿಗ್ಗೆ ಎದ್ದಾಗ ಹಿಂಗಾಲಿನ ಕೀಲು ‘ಟಕ್’ ಎನ್ನುತ್ತಿತ್ತು, ಹತ್ತು ಹೆಜ್ಜೆ ಕುಂಟುತ್ತಿತ್ತು. ಹನ್ನೊಂದನೆಯ ಹೆಜ್ಜೆಯಿಂದ ಸರಿಯಾಗಿ ದಿನವೆಲ್ಲ ಹೊಲದಲ್ಲಿ ಗಳೆ ಹೊಡೆಯುತ್ತಿತ್ತು. ಒಂದು ವರ್ಷ ಅದನ್ನು ಮಾರುವುದೆಂದು ನಿಶ್ಚಯವಾಯಿತು. ಮಾರಿದ ಮೇಲೆ ಸಂತೆಯಲ್ಲಿ ನನಗೊಂದು ಬಣ್ಣದ ಪೆಟ್ಟಿಗೆ ಕೊಡಿಸುವುದಾಗಿ ಅಪ್ಪ ಮಾತು ಕೊಟ್ಟರು. ಹನ್ನೆರಡು ಬಣ್ಣದ್ದು. ನಾನು ಅಂಗಡಿಯಲ್ಲಿ ನೋಡಿ, ಮುಟ್ಟಿ, ಮೂಸಿ ಬಂದಿದ್ದೆ.

ಹಳ್ಳಿಯಿಂದ ನಂದಗಡಕ್ಕೆ ನಡೆದು ಹೋಗುವಷ್ಟರಲ್ಲಿ ಚಂದ್ರ್ಯಾನ ಕಾಲು ಎಣ್ಣೆ ಹಾಕಿದ ಬಾಗಿಲಿನಂತೆ ಸಡಿಲಾಗಿರುತ್ತಿತ್ತು. ಗಿರಾಕಿಗಳು ಬರುತ್ತಿದ್ದರು, ಹಲ್ಲು ನೋಡುತ್ತಿದ್ದರು, ಬಾಲ ತಿರುವಿ ನೋಡುತ್ತಿದ್ದರು, ಮೆಚ್ಚುತ್ತಿದ್ದರು. ಇನ್ನೇನು ಬೆಲೆ ಕುದುರಿಸಲು ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯಬೇಕು ಎನ್ನುವಾಗ ಅಪ್ಪ ಗಂಟಲು ಸರಿಪಡಿಸಿಕೊಂಡು, “ಒಂದ ಮಾತ್ರಿ. ಮುಂಜಾನಿ ಎದ್ದ ಕೂಡ್ಲೇ ಹತ್ತ ಹೆಜ್ಜಿ ಕುಂಟತಾನ” ಎಂದುಬಿಡುತ್ತಿದ್ದರು. ಗಿರಾಕಿ ಕೈ ಹಿಂತೆಗೆಯುತ್ತಿದ್ದ. ಮೂರು ವಾರ ಸಂತೆಗೆ ಹೋದ ಚಂದ್ರ್ಯಾ ಮೂರು ವಾರವೂ ನಮ್ಮ ಜೊತೆ ಮನೆಗೆ ಬಂದ. ಮೂರನೆಯ ವಾರ ಅವ್ವ ಬಾಗಿಲಲ್ಲೇ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. “ಎತ್ತಿಗೆ ಬಾಯಿಲ್ಲ, ಅದರ ಪಾಲಿಂದೂ ನಿಮಗ ಬಂದೈತಿ” ಎಂದು ಅಪ್ಪನನ್ನು ಚೆನ್ನಾಗಿ ಝಾಡಿಸಿದಳು. ನಾನು ಅವ್ವನ ಪಕ್ಷ. ಬಣ್ಣದ ಪೆಟ್ಟಿಗೆ ಬರಲೇ ಇಲ್ಲ. ಅರಿಶಿನ, ಬಟ್ಟೆಗೆ ಹಾಕುವ ನೀಲಿ, ಕೆಮ್ಮಣ್ಣು, ಇದ್ದಿಲು ಇವುಗಳಲ್ಲೇ ನನ್ನ ಚಿತ್ರಕಲೆ ಬೆಳೆಯಿತು. ಆವತ್ತು ದನದ ಕೊಟ್ಟಿಗೆಯಲ್ಲಿ ಕೂತು ಅತ್ತು, ದೊಡ್ಡವನಾದ ಮೇಲೆ ಅಪ್ಪನ ಹಾಗೆ ಬಾಯಿಬಡುಕ ಆಗಬಾರದೆಂದು ಗಟ್ಟಿ ಮನಸ್ಸು ಮಾಡಿದೆ.

ಆ ಮನಸ್ಸನ್ನು ಉಪಯೋಗಿಸುವ ದಿನ ಬಂದಾಗ ನನಗೆ ಐವತ್ತೆಂಟು ವಯಸ್ಸು. ಹೊಸ ಕಾರು ಬುಕ್ ಮಾಡಿದ್ದಾಗಿತ್ತು. ಹಳೆಯದಕ್ಕೆ ಗಿರಾಕಿ ತಂದವನು ಪುಂಡಲೀಕನೇ. “ಕಣಕುಂಬಿ ಕಡೆ ಒಬ್ರು ನರ್ಸಬಾಯಿ ಅದಾರ್ರಿ, ಲಗಮವ್ವ ಅಂತ. ಅವರಿಗೆ ಸಣ್ಣ ಗಾಡಿ ಬೇಕಂತ” ಎಂದು ಫೋನಿನಲ್ಲಿ ಹೇಳಿ, ತುಸು ತಡೆದು, “ಶಬ್ದದ ಸುದ್ದಿ ನಾ ಹೇಳಿಲ್ಲ. ಗಾಡಿ ನಿಮ್ಮದು, ಮಾತೂ ನೀವ ಹೇಳಬೇಕು” ಎಂದ. ನಾನು, “ಹೇಳತೇನಿ, ಹೇಳತೇನಿ” ಎಂದೆ. ಎರಡು ಸಲ ಹೇಳಿದಾಗಲೇ ಅವನು ಸಂಶಯಪಡಬೇಕಿತ್ತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅವರು ಬರುವುದೆಂದಾಯಿತು. ಡಿಸೆಂಬರಿನ ಚಳಿ. ನಾನು ಆರೂವರೆಗೇ ಎದ್ದು, ಮಫ್ಲರ್ ಸುತ್ತಿಕೊಂಡು, ಕಳ್ಳನ ಹಾಗೆ ಗೇಟು ತೆಗೆದೆ. ಚಾವಿ ತಿರುವಿದೆ. ಚಟಚಟ ಎನ್ನುತ್ತಲೇ ಕಾರನ್ನು ಓಣಿಯಿಂದ ಹೊರಗೆ ಓಡಿಸಿದೆ. ರೈಲ್ವೆ ಗೇಟಿನವರೆಗೆ ಎರಡು ಸಲ ಹೋಗಿ ಬಂದೆ. ಸದ್ದು ಸತ್ತಿತು. ಬಂದು ನಿಲ್ಲಿಸಿ ಮುಟ್ಟಿ ನೋಡಿದರೆ ಬಾನೆಟ್ಟು ಕಾದ ಹಂಚಾಗಿತ್ತು. ಒದ್ದೆ ಬಟ್ಟೆ ತಂದು ಒರೆಸಿದೆ. ಆ ಚಳಿಯಲ್ಲಿ ಹಬೆ ಎದ್ದಿತು. ಗಾಬರಿಯಾಗಿ, ಕಣ್ಣಿಗೆ ಬೀಳದಿರಲಿ ಎಂದು, ಕಾರಿಗೆ ದಪ್ಪನೆಯ ಕವರು ಹೊದಿಸಿಬಿಟ್ಟೆ. ಬಿಸಿ ಆರಬೇಕಾದ ವಸ್ತುವಿಗೆ ಕೌದಿ ಹೊದಿಸಿದ ಮಹಾಶಯ ನಾನು.

ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಗಿರಿಜಾ ಒಂದೇ ಮಾತು ಹೇಳಿದಳು. “ಮಾವನೋರು ಚಂದ್ರ್ಯಾನ್ನ ಹಿಂಗ ನಡಿಸ್ಕೊಂಡ ಹೋಗಿ ಸುಮ್ಮನಿದ್ರ ಎಂದೋ ಮಾರತಿದ್ರಲ್ರಿ.” ನಾನು ಕೇಳಿಸದವನಂತೆ ಮಫ್ಲರ್ ಬಿಚ್ಚಿದೆ.

ಲಗಮವ್ವ ಬಂದರು. ನಲವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಹೆಗಲಿಗೆ ಚೀಲ, ಕಾಲಿಗೆ ಬೂಟು. ಜೊತೆಗೆ ಗಂಡ ಬೀರಪ್ಪ. ಅವರದು ಕುರಿ ಕಾಯುವ ಮನೆತನ, ಈಗ ಬೀರಪ್ಪ ಅರಣ್ಯ ಇಲಾಖೆಯಲ್ಲಿ ವಾಚರ್. ಅವನು ಮಾತಿಗಿಂತ ತಲೆಯಾಡಿಸುವುದನ್ನೇ ಹೆಚ್ಚು ನಂಬಿದ ಮನುಷ್ಯ.

“ಬರ್ರಿ, ಕುಂದರ್ರಿ” ಎಂದು ಗಿರಿಜಾ ಚಹಾ ಕೊಟ್ಟಳು. ಕುಡಿಯುತ್ತ ಲಗಮವ್ವ ತಾವು ಕಾರು ಹುಡುಕುವ ಕಾರಣ ಹೇಳಿದರು.

“ಹ್ವಾದ ಮಳಿಗಾಲದಾಗ ನಸುಕಿನ್ಯಾಗ ಫೋನ್ ಬಂತ್ರಿ, ಒಬ್ಬಾಕಿಗೆ ಬ್ಯಾನಿ ಸುರು ಆಗ್ಯಾವು ಅಂತ. ನನ್ನ ಸ್ಕೂಟರ್ ಏಳಲೇ ಇಲ್ಲ. ಕಿಕ್ ಹೊಡದು ಹೊಡದು ಕಾಲು ಸೋತ್ವು. ಆಮ್ಯಾಲ ಅಡವ್ಯಾಗ ನಾಕು ಕಿಲೋಮೀಟರ್ ನಡಕೋತ ಹ್ವಾದೆ. ನಾ ಮುಟ್ಟೂದರಾಗ ಕೂಸು ಹುಟ್ಟಿಬಿಟ್ಟಿತ್ತು. ತಾಯಿ ಮೈಯೆಲ್ಲಾ ತಣ್ಣಗಾಗಿತ್ತು. ಇಬ್ಬರೂ ಉಳದ್ರು, ದೇವರು ದೊಡ್ಡಾವ. ಖರೇ ಹೇಳತೇನ್ರಿ, ಆವತ್ತಿನಿಂದ ಚಾವಿ ತಿರವೂವಾಗ ನನ್ನ ಕೈ ನಡಗತಾವು.”

ನಾನು ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟೆ.

“ಮುಂಜಾನಿ ಹ್ಯಾಂಗ ಏಳತೈತ್ರಿ ಸರ್, ಗಾಡಿ?”

“ಒಂದ ಸಲಕ್ಕ ಏಳತೈತ್ರಿ” ಎಂದೆ. ಇದು ಸುಳ್ಳಲ್ಲ, ದಯವಿಟ್ಟು ಗಮನಿಸಬೇಕು. ಏಳುವುದು ಒಂದೇ ಸಲಕ್ಕೆ. ಎದ್ದ ಮೇಲೆ ಅದು ಏನು ಮಾಡುತ್ತದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇಂಜಿನ್ನು ಇನ್ನು ಕೆಲವೇ ದಿನದ್ದು ಎಂದು ನಾನು ಮನಸಾರೆ ನಂಬಿದ್ದೆ. ಅಂಥದ್ದನ್ನು ಅಡವಿಯ ದಾರಿಗೆ, ಆ ಹೆಂಗಸಿನ ಕೈಗೆ ಕೊಡಲು ಹೊರಟಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಎಲ್ಲರೂ ಹೊರಗೆ ಬಂದೆವು. ಕವರನ್ನು ನಾನು ಸಾವಕಾಶ ತೆಗೆಯೋಣವೆಂದಿದ್ದರೆ ಲಗಮವ್ವನೇ ಒಂದು ತುದಿ ಹಿಡಿದು ಎಳೆದರು. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಅವರು ಬಗ್ಗಲಿಲ್ಲ, ಟೈರು ಒದ್ದು ನೋಡಲಿಲ್ಲ, ಒಳಗೆ ಇಣುಕಲಿಲ್ಲ. ಬಲ ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟರು. ಕೂಸಿನ ಹಣೆ ಮುಟ್ಟಿ ನೋಡುವ ಕೈ ಅದು. ಇಟ್ಟ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಹಾಗೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

“ಸರ್, ಇದಕ್ಕ ಜ್ವರಾ ಬಂದಾವೇನ್ರಿ?”

“ಬಿಸಿಲಿಗೆ ನಿಂತಿತ್ರಿ, ಅದಕ್ಕ...” ಎಂದೆ. ಎಲ್ಲರೂ ಒಮ್ಮೆ ಆಕಾಶ ನೋಡಿದರು. ಅನಗೋಳದ ಮೇಲೆ ಮಂಜು ಕವಿದು ಎದುರು ಮನೆಯ ಮಹಡಿಯೇ ಕಾಣುತ್ತಿರಲಿಲ್ಲ.

ಅದೇ ಸಮಯಕ್ಕೆ ಗೋಡೆಯ ಮೇಲಿಂದ ಸುಮನ್ ಕಾಕೂ ತಲೆ ಎತ್ತಿದರು. ಕೈಯಲ್ಲಿ ತಂಬಿಗೆ. “ಕಾಯ್ ಹೋ ಸರ್, ಇವತ್ತ ಇಷ್ಟ ಲಗೂ ಚಾಲೂ ಮಾಡಿದ್ರಿ? ನಾ ಏಳೂವರಿ ಆತು ಅಂತ ಓಡಿ ಬಂದ ತುಳಸಿಗೆ ನೀರ ಹಾಕಿದೆ. ಗಡಿಯಾರ ನೋಡಿದ್ರ ಆರೂವರಿ!”

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಲಗಮವ್ವ ಸಿಟ್ಟಿಗೆದ್ದು ಹೊರಟುಬಿಡುತ್ತಾರೆ ಎಂದುಕೊಂಡೆ, ಹೊರಟಿದ್ದರೆ ಚೆನ್ನಾಗಿತ್ತು. ಅವರು ಬಾನೆಟ್ಟಿನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.

“ಜ್ವರಾ ಮುಚ್ಚಿಡೂ ಮಂದೀನ ನಾ ದಿನಾ ನೋಡತೇನ್ರಿ ಸರ್” ಎಂದರು. “ಗುಳಿಗಿ ನುಂಗಿ, ತಣ್ಣೀರಲೇ ಮಾರಿ ತೊಳಕೊಂಡು ಬಂದು, ನನಗೇನೂ ಆಗಿಲ್ಲ ಬಾಯಾರ ಅಂತಾರ. ಮೋಸಾ ಮಾಡಾಕ ಅಲ್ರಿ. ಅಂಜಿಕಿ. ದೊಡ್ಡ ರೋಗ ಅಂತ ಎಲ್ಲಿ ಹೇಳ್ಯಾರೋ ಅನ್ನೂ ಅಂಜಿಕಿ. ಹೇಳ್ರಿ, ಏನಾಗೇತಿ ಇದಕ್ಕ?”

ಬೈದಿದ್ದರೆ ನಾನು ಇನ್ನೂ ನಾಲ್ಕು ಸುಳ್ಳು ಹೇಳುತ್ತಿದ್ದೆನೋ ಏನೋ. ಆ ಮಾತು ಕೇಳಿ, ನಾಲ್ಕು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟೆ: ಬೆಳಗಿನ ಸದ್ದು, ಗ್ಯಾರೇಜಿನವನ ಮಾತು, ರೈಲ್ವೆ ಗೇಟು, ಒದ್ದೆ ಬಟ್ಟೆ. “ಎಂಥಾ ಶಬ್ದಾ?” ಎಂದರು ಲಗಮವ್ವ. ನಾನು ಉಸಿರು ತುಂಬಿಕೊಂಡು, ಕಾರಿನ ಮುಂದೆ ನಿಂತು, ‘ಚಟ್ ಚಟ್ ಚಟ್ ಚಟ್’ ಎಂದೆ. ಪುಂಡಲೀಕನ ಮುಂದೆ ಎಂದೂ ಬಾರದ ಸದ್ದು ಆವತ್ತು ನಾಲಿಗೆಗೆ ಬಂತು.

“ಹಂಗಲ್ಲ, ಮೊದಲ ಜೋರು ಬರತೈತಿ” ಎಂದು ಗಿರಿಜಾ ಬಾಗಿಲಿನಿಂದ ತಿದ್ದಿದಳು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಅವಳು ಮಾಡಿದ ಸದ್ದು ನನ್ನದಕ್ಕಿಂತ ಎಷ್ಟೋ ಮೇಲಾಗಿತ್ತು. ಕಾಕೂಗೆ ಅದೂ ಒಪ್ಪಿಗೆಯಾಗಲಿಲ್ಲ. ದಿನಾ ಕೇಳಿ ನೀರು ಹಾಕುವವರು ಅವರಲ್ಲವೇ. ತಂಬಿಗೆಯನ್ನು ಉಗುರಿನಿಂದ ಬಡಿದು ತಾಳ ಸಮೇತ ತೋರಿಸಿದರು. ಎದುರು ಮನೆಯ ಮಗ್ಗದವರೂ ಹಲ್ಲುಜ್ಜುತ್ತಲೇ ಹೊರಬಂದು, ಬ್ರಷ್ಷನ್ನು ಬಾಯಿಂದ ತೆಗೆದು ತಮ್ಮ ಪಾಲಿನ ಲಾಳಿಯನ್ನು ಓಡಿಸಿದರು. ಮಂಜಿನಲ್ಲಿ ನಾಲ್ಕು ಜನ ಹಿರಿಯರು ಒಂದು ಕಾರಿನ ಸುತ್ತ ನಿಂತು ಚಟಚಟ ಎನ್ನುತ್ತಿದ್ದೆವು. ಬೀರಪ್ಪ ಬಾಯಿ ಮುಚ್ಚಿಕೊಂಡು ನಗುತ್ತ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಲಗಮವ್ವ ಮಾತ್ರ ನಗಲಿಲ್ಲ, ನಾಲ್ಕು ಬಾಯಿಂದ ನಾಲ್ಕು ರೀತಿ ಕೇಳಿಸಿಕೊಂಡು, “ನಡ್ರಿ, ಖಾನಾಪುರಕ್ಕ ಹೋಗೂಣು. ಇವತ್ತ ಅಲ್ಲೇ ಬಿಡೂಣು. ನಾಳೆ ಮುಂಜಾನಿ ಎಲ್ಲಾರೂ ಕೂಡೆ ಕೇಳೂಣು” ಎಂದರು.

ನಾಲ್ಕು ವರ್ಷದಲ್ಲಿ ಮೊದಲ ಸಲ ನಮ್ಮ ಕಾರು ಹೊರಗೆ ವಸ್ತಿ ಮಾಡಿತು. ನಾವು ಗಿರಿಜಾಳ ತವರಿನಲ್ಲಿ ಉಳಿದೆವು, ಅವರಿಬ್ಬರು ಊರಲ್ಲಿಯೇ ಇದ್ದ ತಮ್ಮ ನೆಂಟರ ಮನೆಯಲ್ಲಿ. ಸೋಮವಾರ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಗ್ಯಾರೇಜಿಗೆ ಹೋದರೆ ಪುಂಡಲೀಕ ಕಿವಿಟೋಪಿ ಹಾಕಿಕೊಂಡು ತಯಾರಾಗಿ ನಿಂತಿದ್ದ. ಬಾನೆಟ್ಟು ಮಂಜುಗಡ್ಡೆಯಾಗಿತ್ತು, ಈ ಸಲ ನಾನೇ ಮುಟ್ಟಿ ನೋಡಿದೆ. ನನ್ನ ಚಾಳಿ ಶುರುವಾದದ್ದು ಆ ಕ್ಷಣದಲ್ಲಿ.

ಲಗಮವ್ವ ಒಳಗೆ ಕೂತು ಚಾವಿ ತಿರುವಿದರು. ಚಟ್ ಚಟ್ ಚಟ್ ಚಟ್! ಪುಂಡಲೀಕ ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಇಂಜಿನ್ನಿನ ಅಲ್ಲಲ್ಲಿ ಹಿಡಿಯುತ್ತ ಹೋದ. ಕಣ್ಣು ಮುಚ್ಚಿ ಕೇಳುತ್ತಿದ್ದ. ಎತ್ತಿನ ಉಸಿರು ಕೇಳುತ್ತ ನಿಂತ ಅಪ್ಪನ ಮುಖ ನೆನಪಾಗಿ ನಾನು ಬೇರೆ ಕಡೆ ನೋಡಿದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಅವನು ಪೈಪು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದ.

“ಇಂಜಿನ್ ಗಟ್ಟಿ ಐತ್ರಿ. ಹೊಗಿ ಹೋಗೂ ಪೈಪ್ ಇಂಜಿನ್ನಿಗೆ ಕೂಡತೈತಲ್ಲ, ಅಲ್ಲಿ ಒಂದ ಪ್ಯಾಕಿಂಗ್ ಸುಟ್ಟೈತಿ. ತಣ್ಣಗಿದ್ದಾಗ ಸಂದಿ ಬಿಡತೈತಿ, ಅದರಾಗಿಂದ ಹೊಗಿ ಚಟಚಟ ಅಂತ ಹೊರಗ ಬರತೈತಿ. ಕಾದ ಮ್ಯಾಲ ಕಬ್ಬಿಣ ಹಿಗ್ಗಿ ಸಂದಿ ಮುಚ್ಚತೈತಿ. ಇಷ್ಟಕ್ಕ ನಾಕ ವರ್ಷ ನನಗ ಚಿತ್ರಾ ತಗದ ಕೊಟ್ರೆಲ್ರಿ ಸರ್!”

ಮಧ್ಯಾಹ್ನದೊಳಗೆ ಹಳೆಯ ಪ್ಯಾಕಿಂಗ್ ನನ್ನ ಅಂಗೈಯಲ್ಲಿತ್ತು. ಸುಟ್ಟ ಚಪಾತಿಯ ಅಂಚಿನಷ್ಟು ಒಂದು ವಸ್ತು. ಇದಕ್ಕಾಗಿ ನಾನು ನಾಲ್ಕು ವರ್ಷ ಅಂಜಿದ್ದೆ, ಇದಕ್ಕಾಗಿ ಒಬ್ಬ ಒಳ್ಳೆಯ ಹೆಂಗಸಿಗೆ ಮೋಸ ಮಾಡಲು ಹೊರಟಿದ್ದೆ. ಇನ್ನೂ ಒಂದು ಸಂಗತಿ ಮುಚ್ಚಿಡುವುದಿಲ್ಲ: ಇಂಜಿನ್ನು ಗಟ್ಟಿ ಇದೆ ಎಂದ ಕೂಡಲೇ, ಹಾಗಾದರೆ ಮಾರುವುದೇಕೆ ಎಂಬ ಆಸೆಯೂ ಒಮ್ಮೆ ತಲೆ ಹಾಕಿತು. ಗಿರಿಜಾ ನನ್ನ ಮುಖ ನೋಡಿಯೇ ತಿಳಿದುಕೊಂಡು, ಚಾವಿಯನ್ನು ನನ್ನ ಕೈಯಿಂದ ತೆಗೆದು ಲಗಮವ್ವನ ಕೈಗೆ ಕೊಟ್ಟಳು. ಬೀರಪ್ಪ ಸೊಂಟದ ಚೀಲದಿಂದ ದೇವರ ಭಂಡಾರದ ಅರಿಶಿನ ತೆಗೆದು ಬಾನೆಟ್ಟಿಗೆ ಹಳದಿಯ ಮೂರು ಬೆರಳು ಎಳೆದ.

ಹೊರಡುವ ಮುಂಚೆ ತಡೆಯಲಾರದೆ ಕೇಳಿದೆ. “ನಾ ಸುಳ್ಳು ಹೇಳಿದ್ದು ಗೊತ್ತಾದ ಮ್ಯಾಲೂ ಯಾಕ ತಗೊಂಡ್ರಿ, ಸಿಸ್ಟರ್?”

“ಮಾರೂವ್ರು ಯಾರರ ರೋಗದ ಶಬ್ದಾ ಬಾಯಿಲೇ ಮಾಡಿ ತೋರಸ್ತಾರೇನ್ರಿ? ನಿಮ್ಮ ಓಣಿಗೆ ಓಣಿ ತೋರಿಸ್ತು” ಎಂದು ನಕ್ಕು, ಕಾರನ್ನು ಜಾಂಬೋಟಿಯ ದಾರಿಗೆ ತಿರುಗಿಸಿದರು.

ಬಸ್ಸಿನಲ್ಲಿ ಅನಗೋಳಕ್ಕೆ ಬರುವಾಗ ದಾರಿಯುದ್ದಕ್ಕೂ ಚಂದ್ರ್ಯಾ ನೆನಪಾದ. ಅವನು ಕೊನೆಯವರೆಗೂ ನಮ್ಮ ಮನೆಯಲ್ಲೇ ಇದ್ದ. ಪ್ರತಿ ಚಳಿಗಾಲ ಅಪ್ಪ ನಸುಕಿನಲ್ಲಿ ಎದ್ದು, ಔಡಲೆಣ್ಣೆ ಬೆಚ್ಚಗೆ ಮಾಡಿ ಅವನ ಕೀಲಿಗೆ ತಿಕ್ಕಿ, ಕೊಂಬು ಹಿಡಿದುಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸುತ್ತಿದ್ದರು. “ಒಂದ... ಎರಡ...” ಎಂದು ಎಣಿಸುವುದು ನನಗೆ ಹಾಸಿಗೆಯಲ್ಲಿ ಕೇಳುತ್ತಿತ್ತು. ಅಪ್ಪನಿಗೆ ವ್ಯಾಪಾರ ಗೊತ್ತಿಲ್ಲ ಎಂದು ನಾನು ಐವತ್ತು ವರ್ಷ ನಂಬಿದ್ದೆ. ಅವರಿಗೆ ವ್ಯಾಪಾರ ಗೊತ್ತಿತ್ತು. ಲಗಮವ್ವನಂಥ ಗಿರಾಕಿ ಸಿಗಲಿಲ್ಲ, ಅಷ್ಟೇ. ಇದನ್ನು ಅವರಿಗೆ ಹೇಳಲು ಈಗ ಅವರಿಲ್ಲ. ಬಸ್ಸಿನಲ್ಲಿ ಕಣ್ಣು ಒದ್ದೆಯಾದವು. ಗಿರಿಜಾ ಕಿಟಕಿ ಮುಚ್ಚಿದಳು, ಗಾಳಿಯಿಂದ ಆಯಿತೆಂದು ಇಬ್ಬರೂ ಒಪ್ಪಿಕೊಂಡೆವು.

ಹೊಸ ಕಾರು ಬಂದಿದೆ. ಅದು ಎದ್ದದ್ದೇ ತಿಳಿಯುವುದಿಲ್ಲ. ಸುಮನ್ ಕಾಕೂ ಮೊಬೈಲಿನಲ್ಲಿ ಅಲಾರ್ಮ್ ಇಡುವುದನ್ನು ಕಲಿತಿದ್ದಾರೆ, ಆದರೆ ಅದರಲ್ಲಿ ಜೀವವಿಲ್ಲ ಎನ್ನುತ್ತಾರೆ.

ಈ ಜುಲೈನಲ್ಲಿ ಕಣಕುಂಬಿಯ ಕಡೆ ಎಂಟು ದಿನ ಮಳೆ ಬಿಡಲಿಲ್ಲ. ಬೆಳಗಾವಿಯಲ್ಲೇ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ನಾನು ಚಹಾ ಕುಡಿಯುವಾಗ ಲಗಮವ್ವನ ಫೋನು ಬಂತು. ಹಿಂದಿನಿಂದ ಮಳೆಯ ಸದ್ದು, ಅದರ ನಡುವೆ ಕೂಸಿನ ಅಳು.

“ಸರ್, ಒಂದ ಸಲಕ್ಕ ಎದ್ದಿತ್ರಿ. ಚಾವಿ ತಿರವೂವಾಗ ಕೈ ನಡಗಲಿಲ್ಲ. ವ್ಯಾಳ್ಯಾಕ್ಕ ಮುಟ್ಟಿದೆ. ಹೆಣ್ಣು ಕೂಸು, ತಾಯಿ ಆರಾಮ ಅದಾಳ. ಒಂದ ಫೋಟೋ ಕಳಿಸೇನಿ, ನೋಡ್ರಿ.”

ನೋಡಿದೆ. ಒಂದು ದನದ ಕೊಟ್ಟಿಗೆಯ ಮಾಡಿನ ಕೆಳಗೆ ನಮ್ಮ ಬಿಳಿ ಕಾರು ಮೂತಿ ತೂರಿಸಿಕೊಂಡು ನಿಂತಿತ್ತು. ಹಿಂಭಾಗವೆಲ್ಲ ಕೆಸರು. ಬಾನೆಟ್ಟಿನ ಮೇಲೆ, ಅಂಚಿನಿಂದ ಅಂಚಿಗೆ, ಹಳೆಯ ಸೀರೆ ಹರಿದು ಮಾಡಿದ ಅಂಗೈ ಅಗಲದ ಬಟ್ಟೆಗಳನ್ನು ಹರವಿದ್ದರು. ಕೆಳಗೆ ಲಗಮವ್ವ ಬರೆದಿದ್ದರು: ‘ಈ ಮಳ್ಯಾಗ ಕೂಸಿನ ಬಟ್ಟಿ ಎಲ್ಲೂ ಒಣಗವಲ್ವು ಸರ್. ನಿಮ್ಮ ಗಾಡಿ ಜ್ವರಾ ಉಪಯೋಗಕ್ಕ ಬಂತು.’

ಗಿರಿಜಾ ನೋಡಿದಳು, ಗೋಡೆಯ ಆಚೆಯಿಂದ ಕಾಕೂ ನೋಡಿದರು. ಕಡೆಗೆ ಫೋನು ನನ್ನ ಕೈಗೆ ಬಂದಾಗ ನನ್ನ ಅಂಗೈ ತಾನಾಗಿಯೇ ಆ ಬಾನೆಟ್ಟಿನ ಮೇಲೆ ಹೋಗಿ ಕುಳಿತಿತು. ಬೆಚ್ಚಗಿತ್ತು. ನಗಬೇಡಿ, ರಾತ್ರಿಯಿಡೀ ಚಾರ್ಜಿಗೆ ಹಾಕಿ ಈಗಷ್ಟೇ ತೆಗೆದ ಫೋನು ಅದು, ನನಗೂ ಗೊತ್ತು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.